ಓಡುವವನ ಸೊಂಟದಲ್ಲಿ ಕೋವಿ

ಒಂಬತ್ತನೇ ತರಗತಿಯ ಮಕ್ಕಳಿಗೆ 'ನನ್ನ ಭಾನುವಾರ' ಎಂಬ ವಿಷಯ ಕೊಟ್ಟು ಒಂದು ಪುಟ ಬರೆದು ತನ್ನಿ ಎಂದಿದ್ದೆವು. ಹೆಚ್ಚಿನವರದ್ದು ಒಂದೇ ಕತೆ. ಅಡಿಕೆ ಹೆಕ್ಕಿದ್ದು, ಅಜ್ಜನ ಮನೆಗೆ ಹೋದದ್ದು, ಕ್ರಿಕೆಟ್ ಆಡಿದ್ದು, ಮೊಬೈಲ್ ನೋಡಿ ಬೈಗುಳ ತಿಂದದ್ದು. ಒಬ್ಬನ ಪುಸ್ತಕದಲ್ಲಿ ಮಾತ್ರ ಹೀಗಿತ್ತು: "ಮಾವನ ಜತೆ ಹಂದಿ ಅಟ್ಟಲು ಗುಡ್ಡೆಗೆ ಹೋದೆ. ತೋಡಿನ ಸಂಕ ದಾಟುವಾಗ ಮಾವ ಕೋವಿಯನ್ನು ನನ್ನ ಕೈಗೆ ಕೊಟ್ಟರು. ಅದರಲ್ಲಿ ತೋಟೆ ಇತ್ತು. ನಾನು ಜಾರಲಿಲ್ಲ."

ಒಂದಕ್ಷರವೂ ತಪ್ಪಿಲ್ಲ. ಕೆಂಪು ಪೆನ್ನು ಹಿಡಿದುಕೊಂಡು ಎಷ್ಟೋ ಹೊತ್ತು ಸುಮ್ಮನೆ ಕೂತೆವು.

ಹಂದಿಯ ಕಾಟ ಏನೆಂದು ಕಾಸರಗೋಡಿನ ಈ ಮೂಡು ಭಾಗದವರಿಗೆ ನಾವು ಹೇಳಬೇಕಾಗಿಲ್ಲ. ಮರಗೆಣಸು ನೆಟ್ಟವ ಕೀಳುವ ಮೊದಲು ಹಂದಿ ಕಿತ್ತಿರುತ್ತದೆ. 2022ರ ಮೇ ತಿಂಗಳಲ್ಲಿ ಕೇರಳ ಸರಕಾರ ಪಂಚಾಯತು ಅಧ್ಯಕ್ಷರಿಗೇ ಹಂದಿ ಕೊಲ್ಲಲು ಅನುಮತಿ ಕೊಡುವ ಅಧಿಕಾರ ಕೊಟ್ಟಿತು. ಹೊಡೆಯುವವರಿಗೆ ಪರವಾನಗಿಯ ಕೋವಿ ಇರಬೇಕು, ವಿಷ, ಸ್ಫೋಟಕ, ಕರೆಂಟು ಕೂಡದು ಎಂದೂ ಹೇಳಿತು. ಇದರ ಬಗ್ಗೆ ನಮ್ಮ ತಕರಾರಿಲ್ಲ, ಬೆಳೆದವನ ಹೊಟ್ಟೆ ಉರಿ ನಮಗೂ ಗೊತ್ತು. ಆದರೆ ಕೋವಿ ಯಾರದ್ದು, ಅನುಮತಿ ಯಾರದ್ದು ಎಂದು ಊರಿಡೀ ಚರ್ಚೆ ಮಾಡುವ ನಾವು, ಕೋವಿಯನ್ನು ಹೊತ್ತು ನಡೆಯುವುದು ಹೇಗೆ ಎಂಬ ಮಾತನ್ನೇ ಎತ್ತುವುದಿಲ್ಲ.

ಈ ವಿಷಯ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನಿನಲ್ಲಿ ಹೇಳಿದೆವು. ಅವನೀಗ ಅಮೇರಿಕಾದ ಟೆಕ್ಸಾಸಿನಲ್ಲಿದ್ದಾನೆ. ನಕ್ಕುಬಿಟ್ಟ. "ಸರ್, ಇಲ್ಲಿ ನನ್ನೊಟ್ಟಿಗೆ ಬೆಳಿಗ್ಗೆ ಓಡಲಿಕ್ಕೆ ಬರುವವರಲ್ಲೇ ಒಬ್ಬರ ಹೊಟ್ಟೆಯ ಪಟ್ಟಿಯೊಳಗೆ ಪಿಸ್ತೂಲು ಇರ್ತದೆ, ಹೊರಗೆ ಕಾಣುವುದಿಲ್ಲ" ಎಂದ. ಅಲ್ಲಿ 2021ರ ಸೆಪ್ಟೆಂಬರಿನಿಂದ 21 ವರ್ಷ ದಾಟಿದ ಹೆಚ್ಚಿನವರು ಪರವಾನಗಿ ಇಲ್ಲದೆಯೂ ಪಿಸ್ತೂಲು ಇಟ್ಟುಕೊಂಡು ತಿರುಗಬಹುದು. ಓಡುವವರಿಗೆ, ಸೈಕಲ್ ತುಳಿಯುವವರಿಗೆ, ಬೆಟ್ಟ ಹತ್ತುವವರಿಗೆ ಎಂದೇ ಅಂಗಿಯೊಳಗೆ ಅಡಗುವ ಪಟ್ಟಿ, ಚೀಲ, ಕವಚಗಳ ದೊಡ್ಡ ವ್ಯಾಪಾರವೂ ಇದೆ. ಒಂಟಿಯಾಗಿ ಓಡುವ ಹೆಂಗಸರಿಗೆ ಭಯವಿರುತ್ತದೆ, ಕಾಡುದಾರಿಯಲ್ಲಿ ಕರಡಿ ಇರುತ್ತದೆ. ಅವರ ಕಾರಣಗಳನ್ನು ಇಲ್ಲಿ ಕೂತು ತಳ್ಳಿಹಾಕುವುದು ನ್ಯಾಯವಲ್ಲ. ಆದರೂ ಈ ಸಾಮಾನುಗಳ ಬಗ್ಗೆ ಸ್ವಲ್ಪ ಓದಿದ ಮೇಲೆ ನಮಗೆ ಅನ್ನಿಸಿದ್ದು ಇಷ್ಟು: ಮೈ ಕುಣಿಯುವ ಆಟಕ್ಕೂ ತುಂಬಿದ ಕೋವಿಗೂ ಹೊಂದಿಕೆಯೇ ಇಲ್ಲ.

ಯಾಕೆ ಎನ್ನುತ್ತೀರಾ? ಓಡುವಾಗ ಹಾಕುವ ಚಡ್ಡಿಗೆ ಇರುವುದು ಇಲಾಸ್ಟಿಕ್. ಅರ್ಧ ಕಿಲೋಗೂ ಹೆಚ್ಚು ತೂಕದ ಕಬ್ಬಿಣ ಅದರಲ್ಲಿ ಕುಣಿಯುತ್ತದೆ, ಬೆವರಿಗೆ ಜಾರುತ್ತದೆ. ಜಾರಿದ್ದನ್ನು ಹಿಡಿಯಲು ಕೈ ತಾನಾಗಿ ಹೋಗುತ್ತದೆ. ಹಾಗೆ ಹೋದ ಕೈಯ ಬೆರಳು ಎಲ್ಲಿ ಸಿಕ್ಕಿಕೊಳ್ಳುತ್ತದೆ? ಟ್ರಿಗರಿನಲ್ಲಿ! ಬೀಳುವ ಕೋವಿಯನ್ನು ಹಿಡಿಯಬೇಡ, ಬಿದ್ದು ಹೋಗಲಿ ಎಂದು ತರಬೇತಿ ಕೊಡುವವರು ಹೇಳುವುದು ಇದಕ್ಕೇ. ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಕವಚ ಇರಬೇಕು, ಅದು ಇಲಾಸ್ಟಿಕ್ಕಿಗಲ್ಲ, ಗಟ್ಟಿ ಬೆಲ್ಟಿಗೆ ಕಚ್ಚಿರಬೇಕು ಎನ್ನುತ್ತಾರೆ. ಸೈಕಲಿನಿಂದ ಬಿದ್ದರೆ ಆ ಗಟ್ಟಿ ಕವಚವೇ ಸೊಂಟದ ಮೂಳೆಗೆ ಕುತ್ತು. ಬೆನ್ನಚೀಲದಲ್ಲಿಡೋಣವೆಂದರೆ, ಆಟದ ಬಯಲಿನಲ್ಲಿ ಚೀಲ ಮೂಲೆಗೆ ಬೀಳುತ್ತದೆ, ನೀರಿನ ಬಾಟ್ಲಿ ಹುಡುಕಲು ಮಕ್ಕಳೇ ಮೊದಲು ಕೈ ಹಾಕುತ್ತವೆ.

ಇದು ಬರೀ ಊಹೆಯಲ್ಲ. 2008ರ ನವೆಂಬರಿನಲ್ಲಿ ಪ್ಲ್ಯಾಕ್ಸಿಕೋ ಬರೆಸ್ ಎಂಬ ಅಮೇರಿಕನ್ ಫುಟ್ಬಾಲಿನ ದೊಡ್ಡ ಆಟಗಾರ ನ್ಯೂಯಾರ್ಕಿನ ಕ್ಲಬ್ಬೊಂದಕ್ಕೆ ಸಡಿಲ ಕ್ರೀಡಾ ಪ್ಯಾಂಟಿನ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಹೋಗಿದ್ದ. ಕವಚವಿರಲಿಲ್ಲ. ಪಿಸ್ತೂಲು ಕಾಲಿನುದ್ದಕ್ಕೆ ಜಾರಿತು, ಗುಂಡು ಹಾರಿತು, ಅವನದ್ದೇ ಬಲತೊಡೆಗೆ ಹೊಕ್ಕಿತು. ಅಲ್ಲಿನ ಪರವಾನಗಿಯೂ ಇರಲಿಲ್ಲವಾದ್ದರಿಂದ 2009ರಲ್ಲಿ ಎರಡು ವರ್ಷದ ಜೈಲು ಶಿಕ್ಷೆಯಾಯಿತು. ಓಡುವ ಚೆಂಡನ್ನು ಗಾಳಿಯಲ್ಲೇ ಹಿಡಿದು ಹೆಸರು ಮಾಡಿದವನ ಪಾಡು ಇದು! ನಮ್ಮ ದೇಶದಲ್ಲಿ 2024ರ ಅಕ್ಟೋಬರ್ 1ರಂದು ನಟ ಗೋವಿಂದ ಮುಂಬಯಿಯ ಮನೆಯಲ್ಲಿ ಪರವಾನಗಿಯ ರಿವಾಲ್ವರನ್ನು ತೆಗೆದಿಡುವಾಗ ಕೈಜಾರಿ ಗುಂಡು ಕಾಲಿಗೆ ಹೊಕ್ಕಿದ್ದನ್ನು ನೀವೂ ಓದಿರಬಹುದು. ಅವರು ಓಡುತ್ತಲೂ ಇರಲಿಲ್ಲ.

ಹಾಗಾದರೆ ಕೋವಿ ಹೊತ್ತು ಓಡುವ ಆಟವೇ ಇಲ್ಲವೇ? ಇದೆ. ಚಳಿಗಾಲದ ಒಲಿಂಪಿಕ್ಸಿನ ಬಯಾಥ್ಲಾನ್. ಹಿಮದ ಮೇಲೆ ಸ್ಕೀಯಿಂಗ್ ಮಾಡುತ್ತಾ ಗುಡ್ಡ ಹತ್ತಿ ಇಳಿಯುತ್ತಾರೆ, ನಡುನಡುವೆ ನಿಂತು 50 ಮೀಟರ್ ದೂರದ ಐದು ಗುರಿಗಳಿಗೆ ಹೊಡೆಯುತ್ತಾರೆ. ಕನಿಷ್ಠ ಮೂರೂವರೆ ಕಿಲೋ ತೂಕದ ಕೋವಿ ಬೆನ್ನ ಮೇಲೆ ಎರಡೂ ಹೆಗಲಿನ ಪಟ್ಟಿಯಲ್ಲಿ ಬಿಗಿದು ಕೂತಿರುತ್ತದೆ, ನಳಿಗೆ ಆಕಾಶಕ್ಕೆ. ಎಲ್ಲರಿಗೂ ಕಾಣುವಂತೆ. ಮುಖ್ಯ ಸಂಗತಿಯೆಂದರೆ, ಓಡುವಾಗ ನಳಿಗೆಯೊಳಗೆ ಗುಂಡು ಇರಕೂಡದು. ಗುಂಡು ತುಂಬುವುದು ಗುರಿಯೆದುರು ನಿಂತು, ನಳಿಗೆ ಗುರಿಯ ಕಡೆಗಿರುವಾಗ ಮಾತ್ರ. ಪದಕಕ್ಕಾಗಿ ಸೆಕೆಂಡು ಲೆಕ್ಕ ಹಾಕುವವರಿಗೇ ಅಷ್ಟು ವ್ಯವಧಾನವಿದ್ದರೆ, ಹಂದಿಗಾಗಿ ರಾತ್ರಿಯಿಡೀ ಕಾಯುವ ನಮಗೆ ಯಾಕಿಲ್ಲ?

ನಮ್ಮ ಕಾನೂನೂ ಬಡಾಯಿಗೆ ಜಾಗ ಬಿಟ್ಟಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಕೋವಿಯನ್ನು ಅದಕ್ಕೆಂದೇ ಮಾಡಿದ ಕವಚದಲ್ಲಿ ಪೂರ್ತಿ ಮುಚ್ಚಿಯೇ ಒಯ್ಯಬೇಕು, ಅದು ಒಯ್ಯುವವನ ಹತೋಟಿಯಲ್ಲಿರಬೇಕು. ಇಲ್ಲಿ ಮುಚ್ಚುವುದು ಬೇರೆ, ಬಚ್ಚಿಡುವುದು ಬೇರೆ. ಒಂದು ಇನ್ನೊಬ್ಬರನ್ನು ಹೆದರಿಸಬಾರದೆಂದು, ಇನ್ನೊಂದು ಯಾರಿಗೂ ಗೊತ್ತಾಗಬಾರದೆಂದು. ಪಾಣತ್ತೂರು ದಾಟಿದರೆ ಸಿಗುವ ಕೊಡಗಿನಲ್ಲಿ ಕೈಲ್‌ಪೊಳ್ದಿನ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವಿರುತ್ತದೆ. ಓಟದ ಪಂದ್ಯವೂ ಇರುತ್ತದೆ, ಆದರೆ ಕೋವಿ ಹೊತ್ತು ಯಾರೂ ಓಡುವುದಿಲ್ಲ.

ನಮ್ಮ ಗುಡ್ಡೆಗಳಲ್ಲಿ ನಡೆಯುವುದೇ ಬೇರೆ. ತಲೆಗೆ ಟಾರ್ಚು, ಮುಂದೆ ನಾಯಿ, ಹಿಂದೆ ಹುಡುಗರು. ಎಲ್ಲರೂ ಬಲ್ಲೆಯೊಳಗೆ ನುಗ್ಗಿ ಓಡುವುದೇ. ಅದೂ ಒಂದು ಆಟವೇ ಆಗಿಬಿಟ್ಟಿದೆ, ಸುಳ್ಳು ಹೇಳುವುದು ಬೇಡ. ಹಳೆಯ ಕೇಪಿನ ಕೋವಿಯಲ್ಲಿ ಮದ್ದು, ಚಿಲ್ಲು ಜಡಿದ ಮೇಲೆ ಖಾಲಿ ಮಾಡುವ ಸುಲಭ ದಾರಿ ಹೊಡೆಯುವುದೊಂದೇ. ಹಾಗಾಗಿ ತುಂಬಿದ್ದು ತುಂಬಿದ ಹಾಗೆಯೇ ಹೆಗಲ ಮೇಲೆ ಬರುತ್ತದೆ. ಬಲ್ಲೆಯ ಕೊಂಬೆ ಕುದುರೆಗೆ ಸಿಕ್ಕಿದರೆ ಮುಗಿಯಿತು. ಕೇಪು ತೆಗೆದು ಕಿಸೆಗೆ ಹಾಕಿಕೊಂಡರೆ ಅಪಾಯ ಎಷ್ಟೋ ಕಡಿಮೆ, ಆದರೆ ಎಷ್ಟು ಮಂದಿ ತೆಗೆಯುತ್ತಾರೆ? ತೋಟೆಯ ಕೋವಿಗಂತೂ ನೆಪವೇ ಇಲ್ಲ. ನಡುವಿಗೆ ಮುರಿದರೆ ಎರಡೂ ತೋಟೆ ಒಂದು ಗಳಿಗೆಯಲ್ಲಿ ಕೈಗೆ ಬರುತ್ತದೆ. ಕಟ್ಟಪುಣಿ ಹತ್ತುವ ಮೊದಲು, ಬೇಲಿ ಹಾರುವ ಮೊದಲು, ಸಂಕ ದಾಟುವ ಮೊದಲು, ಜೀಪು ಹತ್ತುವ ಮೊದಲು ಕೋವಿ ಮುರಿದು ತೋಟೆ ಕಿಸೆಗೆ. ಇದಕ್ಕೆ ದುಡ್ಡು ಬೇಡ, ಅರ್ಜಿ ಬೇಡ. ಅಂಥ ಕೋವಿಯನ್ನೂ ಮಕ್ಕಳ ಕೈಗೆ ಕೊಡುವ ಹಾಗಿಲ್ಲ. ಕೋವಿ ಹೊರಲು ಕಾನೂನು ಹೇಳುವ ವಯಸ್ಸು 21. ನಮ್ಮ ಹುಡುಗನಿಗೆ 14.

ನಾವು ಚಿಕ್ಕವರಿದ್ದಾಗ ನೆರೆಮನೆಯ ಅಜ್ಜನೊಬ್ಬರು ಕೋವಿ ಹೆಗಲಿಗೆ ಹಾಕಿಕೊಂಡು ಕಟ್ಟಪುಣಿ ಹತ್ತುವಾಗ ಜಾರಿದ್ದರು. ಈಡು ಹಾರಿ ಹಿಂದೆ ಬರುತ್ತಿದ್ದವರ ಕೊಡೆ ತೂತಾಯಿತು. ಕೊಡೆ ಮಾತ್ರ. ಆ ಕತೆಯನ್ನು ಊರಿನವರು ಮೂವತ್ತು ವರ್ಷ ನಗುತ್ತಾ ಹೇಳಿದರು, ನಾವೂ ನಕ್ಕಿದ್ದೇವೆ. ಮೊನ್ನೆ ಈ ಹುಡುಗನ ಪುಸ್ತಕ ಓದಿದ ಮೇಲೆ ನಗು ಬರುವುದಿಲ್ಲ.

ಹುಡುಗನನ್ನು ಕರೆದು ಕೇಳಿದೆವು. "ಸರ್, ಮಾವ ಪಾಪ, ಅವರಿಗೆ ಬಯ್ಯಬೇಡಿ" ಎಂದ. ಬಯ್ಯುವುದಿಲ್ಲ ಎಂದು ಮಾತು ಕೊಟ್ಟಿದ್ದೇವೆ. ಮಾವನಿಗೆ ಫೋನು ಮಾಡಿದರೆ, "ಬರ್ತೇನೆ ಮಾಸ್ಟ್ರೇ, ಅಡಿಕೆಗೆ ಮದ್ದು ಬಿಡುವುದು ಮುಗಿಯಲಿ" ಎಂದಿದ್ದಾರೆ. ಮುಂದಿನ ರಕ್ಷಕ-ಶಿಕ್ಷಕ ಸಭೆಯಲ್ಲಿ ಮಧ್ಯಾಹ್ನದ ಊಟದ ವಿಷಯ ಮುಗಿದ ಮೇಲೆ ಈ ವಿಷಯ ಎತ್ತುವವರಿದ್ದೇವೆ. ಮನೆಯಲ್ಲಿ ಕೋವಿ ಇರುವ ರಕ್ಷಕರು ದಯವಿಟ್ಟು ಅಂದು ತಪ್ಪಿಸಬೇಡಿ. ಕೋವಿ ಮನೆಯಲ್ಲೇ ಇರಲಿ, ನೀವು ಬನ್ನಿ.