ಭಾರದ ಕಾರಿಗೆ ಹಗುರ ಚಕ್ರ: ಐಎಸ್‌ಐ ಗುರುತು ಹೇಳದ ಸಂಗತಿ

ಹತ್ತು ವರ್ಷ ಹಳೆಯದಾದ ಮರ್ಸಿಡಿಸ್ ಎಸ್-ಕ್ಲಾಸ್ ಅಥವಾ ಬಿಎಂಡಬ್ಲ್ಯು 7 ಸರಣಿಯ ಕಾರು ಇಂದು ಹೊಸ ಮಧ್ಯಮ ದರ್ಜೆಯ ಕಾರಿನ ಬೆಲೆಗೇ ಕೈ ಬದಲಾಯಿಸುವುದುಂಟು. ಆದರೆ ಕಾರಿನ ಬೆಲೆ ಇಳಿದಂತೆ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ರಸ್ತೆಗುಂಡಿಗೆ ಬಿದ್ದು ಒಂದು ಅಲಾಯ್ ಚಕ್ರ ಸೀಳಿತೆಂದರೆ, ಕಂಪನಿ ಹೇಳುವ ದರ ಕೇಳಿದ ಮಾಲೀಕರು ಹೊರಗಿನ ಮಾರುಕಟ್ಟೆಯತ್ತ ಮುಖ ಮಾಡುವುದು ಸಹಜ. ಅಪಾಯ ಆರಂಭವಾಗುವುದೂ ಅಲ್ಲಿಂದಲೇ.

ಅಂಗಡಿಯಲ್ಲಿ ಮೊದಲು ಕೇಳಿಬರುವ ಪ್ರಶ್ನೆ, ಬೋಲ್ಟ್ ರಂಧ್ರಗಳು ಹೊಂದುತ್ತವೆಯೇ ಎಂಬುದು. 112 ಮಿಲಿಮೀಟರ್ ವೃತ್ತದಲ್ಲಿ ಐದು ರಂಧ್ರಗಳಿರುವ ವಿನ್ಯಾಸ ಎಸ್-ಕ್ಲಾಸ್‌ನಲ್ಲೂ ಇದೆ, ಅದಕ್ಕಿಂತ ಎಷ್ಟೋ ಹಗುರವಾದ ಸ್ಕೋಡಾ ಆಕ್ಟೇವಿಯಾದಲ್ಲೂ ಇದೆ. ಹೊರಗಿನ ತಯಾರಕರು ಮಧ್ಯದ ರಂಧ್ರವನ್ನು ದೊಡ್ಡದಾಗಿಟ್ಟು, ಉಂಗುರ ಜೋಡಿಸಿ ಎರಡಕ್ಕೂ ಒಂದೇ ಚಕ್ರ ಮಾರಬಲ್ಲರು. ಎಸ್-ಕ್ಲಾಸ್‌ನ ತೂಕ ಸುಮಾರು ಎರಡು ಟನ್. ವಿದ್ಯುತ್ ಚಾಲಿತ ಬಿಎಂಡಬ್ಲ್ಯು ಐ7ನದು ಎರಡೂವರೆ ಟನ್‌ಗೂ ಹೆಚ್ಚು. ಹಗುರ ಕಾರನ್ನು ಮನಸ್ಸಿನಲ್ಲಿಟ್ಟು ಎರಕ ಹೊಯ್ದ ಚಕ್ರ ಇಂತಹ ವಾಹನಕ್ಕೂ ಸಲೀಸಾಗಿ ಕೂರುತ್ತದೆ. ಕೂತ ಮಾತ್ರಕ್ಕೆ ಭಾರ ಹೊರುತ್ತದೆಂದು ಅರ್ಥವಲ್ಲ.

ಲೆಕ್ಕವೇನೂ ಕಠಿಣವಲ್ಲ. ಸಾಮಾನ್ಯವಾಗಿ ಬಾಗಿಲ ಕಂಬದ ಮೇಲಿರುವ ಫಲಕದಲ್ಲಿ ಮುಂದಿನ ಮತ್ತು ಹಿಂದಿನ ಅಚ್ಚುಗಳ ಗರಿಷ್ಠ ಭಾರ ನಮೂದಾಗಿರುತ್ತದೆ. ಹಿಂದಿನ ಅಚ್ಚಿಗೆ 1,400 ಕಿಲೋ ಎಂದಿದ್ದರೆ ಪ್ರತಿ ಚಕ್ರ ಕನಿಷ್ಠ 700 ಕಿಲೋ ಹೊರಬೇಕು. ಚಕ್ರದ ಹೊರುವ ಸಾಮರ್ಥ್ಯವನ್ನು ಉತ್ತಮ ತಯಾರಕರು ಹಿಂಬದಿಯಲ್ಲಿ ಅಚ್ಚೊತ್ತಿರುತ್ತಾರೆ. ಅಂಕಿಯೇ ಇಲ್ಲದ ಚಕ್ರ ಎಷ್ಟೇ ಸುಂದರವಾಗಿದ್ದರೂ ಕೈಬಿಡುವುದು ಲೇಸು. ಟೈರಿಗೂ ಇದೇ ಮಾತು: ಭಾರ ಸೂಚ್ಯಂಕ 100 ಎಂದರೆ 800 ಕಿಲೋ.

ಬೋಲ್ಟ್‌ಗಳನ್ನೂ ಕಡೆಗಣಿಸುವಂತಿಲ್ಲ. ಮರ್ಸಿಡಿಸ್ ಮೂಲ ಬೋಲ್ಟಿನ ತಳ ಗೋಳಾಕಾರದ್ದು. ಹೊರಗಿನ ಬಹಳಷ್ಟು ಚಕ್ರಗಳು ಶಂಕುವಿನಾಕಾರದ ತಳವನ್ನು ಬೇಡುತ್ತವೆ. ಇವೆರಡನ್ನು ಬೆರೆಸಿದರೆ ಬಿಗಿ ನಿಲ್ಲದು, ಓಡುತ್ತಲೇ ಸಡಿಲವಾಗಬಹುದು.

ಹಾಗಾದರೆ ಕಾನೂನು ಏನು ಮಾಡುತ್ತಿದೆ? ಕೇಂದ್ರ ಸರ್ಕಾರ 2020ರಲ್ಲಿ ಹೊರಡಿಸಿದ ಗುಣಮಟ್ಟ ನಿಯಂತ್ರಣ ಆದೇಶ ವಾಹನ ಚಕ್ರಗಳಿಗೆ ಐಎಸ್‌ಐ ಗುರುತನ್ನು ಕಡ್ಡಾಯಗೊಳಿಸಿತು; ಕಾರಿನ ಚಕ್ರಕ್ಕೆ ಅನ್ವಯಿಸುವ ಮಾನದಂಡ ಐಎಸ್ 9436. ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ವಿವರಿಸುತ್ತ ಹೇಳಿದೆ. ಎರಡೂ ಸ್ವಾಗತಾರ್ಹವೇ. ಆದರೆ ಐಎಸ್‌ಐ ಗುರುತು ಸಾರುವುದು ಇಷ್ಟು ಮಾತ್ರ: ಈ ಚಕ್ರ ತನಗೆ ಗೊತ್ತುಪಡಿಸಿದ ಭಾರಕ್ಕೆ ಪರೀಕ್ಷೆ ಗೆದ್ದಿದೆ. ಆ ಭಾರ ಕೊಳ್ಳುವವರ ಕಾರಿಗೆ ಸಾಕೇ ಎಂಬುದನ್ನು ಅದು ಹೇಳದು. ಜರ್ಮನಿಯಲ್ಲಿ ಬದಲಿ ಚಕ್ರದ ಪ್ರಮಾಣಪತ್ರದಲ್ಲೇ ಅದು ಯಾವ ಯಾವ ಮಾದರಿಯ ಕಾರಿಗೆ ಸಲ್ಲುತ್ತದೆಂಬ ಪಟ್ಟಿ ಇರುತ್ತದೆ. ಇಲ್ಲಿ ಆ ಹೊಣೆ ಮಾಲೀಕನ ಹೆಗಲಿಗೇ ಬೀಳುತ್ತದೆ. ಮಾಲೀಕನೋ ಚಕ್ರದ ಮುಂಭಾಗವನ್ನಷ್ಟೇ ನೋಡುತ್ತಾನೆ!

ಇಂಚು ಹೆಚ್ಚಿಸುವ ಚಪಲ ಬೇರೆ. ಚಕ್ರ ದೊಡ್ಡದಾದಷ್ಟೂ ಟೈರಿನ ಗೋಡೆ ಕುಗ್ಗುತ್ತದೆ, ಗುಂಡಿಯ ಹೊಡೆತ ನೇರವಾಗಿ ಲೋಹಕ್ಕೆ ತಾಗುತ್ತದೆ. ನಮ್ಮ ರಸ್ತೆಗಳಲ್ಲಿ ಕಾರ್ಖಾನೆ ಸೂಚಿಸಿದ ಅತಿ ಚಿಕ್ಕ ಅಳತೆಯೇ ಜಾಣತನದ ಆಯ್ಕೆ. ಬ್ರೇಕಿಗೆ ಅದು ತಗಲದಿದ್ದರಾಯಿತು.

ಹಣದ ಮಿತಿಯಿರುವವರಿಗೆ ಅದೇ ಮಾದರಿಯ ಕಾರಿನಿಂದ ಬಿಚ್ಚಿದ ಮೂಲ ಚಕ್ರ, ಅಗ್ಗದ ಹೊಸ ನಕಲಿಗಿಂತ ಮೇಲು. ಆದರೆ ಬೆಸುಗೆ ಬಿದ್ದ ಚಕ್ರ ಸಲ್ಲದು. ಶಾಖ ಸಂಸ್ಕಾರದಿಂದ ಬಲ ಪಡೆದ ಅಲ್ಯೂಮಿನಿಯಂ ಬೆಸುಗೆಯ ಸುತ್ತ ಆ ಬಲವನ್ನು ಕಳೆದುಕೊಳ್ಳುತ್ತದೆ, ಮೇಲೆ ಬಳಿದ ಹೊಸ ಬಣ್ಣ ಅದನ್ನು ಮರೆಮಾಚುತ್ತದೆ. ಆದ್ದರಿಂದ ಹಣ ಕೊಡುವ ಮುನ್ನ ಟೈರ್ ಕಳಚಿಸಿ ಒಳಮೈ ನೋಡಬೇಕು, ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ತಿರುಗಿಸಿ ಓಲಾಟವಿದೆಯೇ ಎಂದು ಪರೀಕ್ಷಿಸಬೇಕು. ಇದಕ್ಕೊಪ್ಪದ ಅಂಗಡಿಯಲ್ಲಿ ವ್ಯಾಪಾರ ಬೇಡ.