ಪೋಸ್ಟರ್‌ನಲ್ಲಿ ಫೋನ್, ಲೆಕ್ಕದಲ್ಲಿ ರೀಚಾರ್ಜ್

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಪಿಯು ದಾಖಲಾತಿ ಶುರುವಾಗುವ ದಿನಗಳಲ್ಲಿ ಶಿವಮೊಗ್ಗದ ನೆಹರೂ ರಸ್ತೆಯಲ್ಲೂ ಭದ್ರಾವತಿಯ ಬಿ.ಎಚ್. ರಸ್ತೆಯಲ್ಲೂ ಮೊಬೈಲ್ ಅಂಗಡಿಗಳಿಗೆ ಬಿಡುವಿರುವುದಿಲ್ಲ. ನಮ್ಮಲ್ಲಿ ಎಷ್ಟೋ ಜನರ ಕೈಗೆ ಮೊದಲ ಫೋನ್ ಬರುವುದು ಆಗಲೇ. ಅಂಗಡಿಯಲ್ಲಿ ಫೋನ್ ಕಂಪನಿಯ ಬೋರ್ಡಿನ ಪಕ್ಕದಲ್ಲೇ ಸಿಮ್ ಕಂಪನಿಯ ಬೋರ್ಡೂ ಇರುತ್ತದೆ: ಈ ಫೋನ್ ಕೊಂಡರೆ ಇಷ್ಟು ಡೇಟಾ, ಇಷ್ಟು ಕ್ಯಾಶ್‌ಬ್ಯಾಕ್, ಇಷ್ಟು ಕಂತು. ಸಿಮ್ ಮಾರುವವರಿಗೆ ಫೋನ್ ಮೇಲೆ ಯಾಕಿಷ್ಟು ಪ್ರೀತಿ? ಅಂಗಡಿಯಲ್ಲಿರುವ ಅಷ್ಟೊಂದು ಮಾದರಿಗಳಲ್ಲಿ ಅದೊಂದನ್ನೇ ಯಾಕೆ ಎತ್ತಿ ತೋರಿಸುತ್ತಾರೆ? ನನಗೆ ಅನಿಸುವುದು ಇಷ್ಟು: ಎರಡು ಮೂರು ವರ್ಷ ನಾವು ಬೇರೆ ಸಿಮ್‌ಗೆ ಹೋಗದಂತೆ ಹಿಡಿದಿಡುವ ಫೋನನ್ನೇ ಅವರು ಆರಿಸುತ್ತಾರೆ. ಆ ಲೆಕ್ಕವನ್ನು ಹಣ ಕೊಡುವ ಮೊದಲೇ ನಾವು ಮಾಡಿಕೊಳ್ಳಬೇಕು.

ಅರ್ಥಶಾಸ್ತ್ರದ ತರಗತಿಯಲ್ಲಿ ಪೂರಕ ಸರಕುಗಳ ಬಗ್ಗೆ ಓದಿದ್ದೇವೆ. ಒಂದರ ಬೆಲೆ ಇಳಿದರೆ ಇನ್ನೊಂದರ ಬೇಡಿಕೆ ಏರುತ್ತದೆ. ಫೋನ್ ಮತ್ತು ರೀಚಾರ್ಜ್ ಅಂಥ ಜೋಡಿ. ಫೋನ್ ಒಮ್ಮೆ ಕೊಳ್ಳುವ ವಸ್ತು, ರೀಚಾರ್ಜ್ ತಿಂಗಳು ತಿಂಗಳೂ ಬರುವ ಆದಾಯ. ಆದ್ದರಿಂದ ಫೋನ್‌ನಲ್ಲಿ ಸ್ವಲ್ಪ ಬಿಟ್ಟುಕೊಟ್ಟರೂ ರೀಚಾರ್ಜ್‌ನಲ್ಲಿ ಕಂಪನಿಗೆ ವಾಪಸ್ ಬರುತ್ತದೆ. ಆದರೆ ಗ್ರಾಹಕ ನಡುವೆ ಬಿಟ್ಟುಹೋಗಬಾರದು. ನಮ್ಮ ದೇಶದಲ್ಲಿ ಸಿಮ್ ಕಂಪನಿಗಳಿಗೆ ಎದುರಾದ ದೊಡ್ಡ ಕಷ್ಟ ಅದೇ.

2003ರಲ್ಲಿ ರಿಲಯನ್ಸ್ ಇನ್ಫೋಕಾಮ್ 501 ರೂಪಾಯಿ ಕಟ್ಟಿದರೆ ಹ್ಯಾಂಡ್‌ಸೆಟ್ ಮನೆಗೆ ಎಂಬ ಯೋಜನೆ ತಂದಿತು. ಉಳಿದ ಹಣ ತಿಂಗಳ ಬಿಲ್‌ನಲ್ಲಿ ಬರಬೇಕಿತ್ತು. ಜನ ಮುಗಿಬಿದ್ದು ಕೊಂಡರು, ಆಮೇಲೆ ಬಹಳ ಮಂದಿ ಬಿಲ್ ಕಟ್ಟಲಿಲ್ಲ. ನಾವು ಅಕೌಂಟೆನ್ಸಿಯಲ್ಲಿ ಬರೆಯುವ ಬ್ಯಾಡ್ ಡೆಟ್ಸ್ ಕಂಪನಿಯ ಪುಸ್ತಕದಲ್ಲಿ ದೊಡ್ಡದಾಗಿಯೇ ಕೂತಿತು. 2008ರ ಆಗಸ್ಟ್‌ನಲ್ಲಿ ಏರ್‌ಟೆಲ್ ಮತ್ತು ವೊಡಾಫೋನ್ ಐಫೋನ್ 3ಜಿ ತಂದಾಗ ಅದರ ಬೆಲೆ 31,000 ರೂಪಾಯಿ. ಅದೇ ಫೋನ್ ಅಮೆರಿಕದಲ್ಲಿ 199 ಡಾಲರ್, ಅಂದರೆ ಆಗಿನ ವಿನಿಮಯ ದರದಲ್ಲಿ ಒಂಬತ್ತು ಸಾವಿರ ರೂಪಾಯಿಗೂ ಕಡಿಮೆ. ಅಲ್ಲಿ ಎರಡು ವರ್ಷದ ಕರಾರಿಗೆ ಸಹಿ ಹಾಕಿಸಿಕೊಂಡು ಬಾಕಿಯನ್ನು ಬಿಲ್‌ನಲ್ಲಿ ವಸೂಲು ಮಾಡುತ್ತಿದ್ದರು. ಇಲ್ಲಿ ಬಹುತೇಕ ಎಲ್ಲರೂ ಪ್ರೀಪೇಡ್. ಇಂದು ಈ ಸಿಮ್, ನಾಳೆ ಆ ಸಿಮ್. 2011ರ ಜನವರಿಯಿಂದ ನಂಬರ್ ಬದಲಿಸದೆ ಕಂಪನಿ ಬದಲಿಸುವ ಸೌಲಭ್ಯವೂ ದೇಶದೆಲ್ಲೆಡೆ ಬಂತು. ಇಂಥ ಗ್ರಾಹಕನನ್ನು ನಂಬಿ ಫೋನ್‌ಗೆ ಯಾರು ರಿಯಾಯಿತಿ ಕೊಡುತ್ತಾರೆ?

ಒಂದು ದಾರಿ ತಂತ್ರಜ್ಞಾನದಿಂದ ಸಿಕ್ಕಿತು. 2016ರಲ್ಲಿ ಜಿಯೋ ಬಂದಾಗ ಅದಕ್ಕೆ 2ಜಿ, 3ಜಿ ಇರಲಿಲ್ಲ. 4ಜಿಯಲ್ಲೇ ಮಾತು ಸಾಗಿಸುವ ವೋಲ್ಟಿ ಇಲ್ಲದ ಫೋನ್‌ನಲ್ಲಿ ನೇರವಾಗಿ ಕರೆಯೇ ಹೋಗುತ್ತಿರಲಿಲ್ಲ. ಹಾಗಾಗಿ ರಿಲಯನ್ಸ್ ಲೈಫ್ ಎಂಬ ಹೆಸರಿನಲ್ಲಿ ತನ್ನದೇ ಫೋನ್‌ಗಳನ್ನು ಮಾರಿತು. ಈ ಆಯ್ಕೆಗೆ ನ್ಯಾಯವಾದ ಕಾರಣವಿತ್ತು ಎಂದು ಒಪ್ಪಬೇಕು. ತನ್ನ ನೆಟ್‌ವರ್ಕ್ ಹಿಡಿಯುವ ಫೋನ್ ಜನರ ಕೈಯಲ್ಲಿ ಇಲ್ಲದಿದ್ದರೆ ಕಂಪನಿ ಏನು ಮಾರಬೇಕು?

ಮರುವರ್ಷ ಬಂದ ಮೂರು ಕೊಡುಗೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಜಿಯೋಫೋನ್‌ಗೆ 1,500 ರೂಪಾಯಿ ಠೇವಣಿ, ಮೂರು ವರ್ಷದ ನಂತರ ಫೋನ್ ಹಿಂದಿರುಗಿಸಿದರೆ ಠೇವಣಿ ವಾಪಸ್. ಆದರೆ ವರ್ಷಕ್ಕೆ ಕನಿಷ್ಠ 1,500 ರೂಪಾಯಿ ರೀಚಾರ್ಜ್ ಮಾಡಿರಬೇಕು. ಅಂದರೆ ‘ಉಚಿತ’ ಫೋನ್‌ಗೆ ಮೂರು ವರ್ಷದಲ್ಲಿ 4,500 ರೂಪಾಯಿ. ಏರ್‌ಟೆಲ್ ಕಾರ್ಬನ್ ಜೊತೆ ಸೇರಿ ‘1,399 ರೂಪಾಯಿಯ ಸ್ಮಾರ್ಟ್‌ಫೋನ್’ ಎಂದು ಸಾರಿತು. ಅಂಗಡಿಯಲ್ಲಿ ಕೊಡಬೇಕಾದದ್ದು 2,899. ತಿಂಗಳಿಗೆ 169ರಂತೆ 36 ತಿಂಗಳಿಗೆ 6,084. ಹದಿನೆಂಟು ತಿಂಗಳಾದ ಮೇಲೆ 500, ಮೂವತ್ತಾರು ತಿಂಗಳಾದ ಮೇಲೆ 1,000 ಕ್ಯಾಶ್‌ಬ್ಯಾಕ್. ಅದನ್ನು ಕಳೆದರೂ ಕೈಬಿಟ್ಟದ್ದು 7,483 ರೂಪಾಯಿ. ಬಿಎಸ್‌ಎನ್‌ಎಲ್ ಮೈಕ್ರೋಮ್ಯಾಕ್ಸ್ ಜೊತೆ 2,200 ರೂಪಾಯಿಯ ಭಾರತ್-1 ತಂದು, ತಿಂಗಳಿಗೆ 97 ರೂಪಾಯಿ ಎಂದಿತು. ಮೂರರಲ್ಲೂ ರೀಚಾರ್ಜ್‌ಗೆ ಪ್ರತಿಯಾಗಿ ಮಾತು, ಡೇಟಾ ಸಿಕ್ಕಿತು, ಸುಳ್ಳಲ್ಲ. ಆದರೆ ಪೋಸ್ಟರ್‌ನಲ್ಲಿ ದಪ್ಪಕ್ಷರದಲ್ಲಿದ್ದ ಅಂಕಿಯೇ ಬೇರೆ, ಮನೆಯಿಂದ ಹೋದ ಹಣವೇ ಬೇರೆ.

ಕ್ಯಾಶ್‌ಬ್ಯಾಕ್ ಸಿಗಬೇಕಾದರೆ ಮೊದಲ ಹದಿನೆಂಟು ತಿಂಗಳಲ್ಲಿ 3,000, ಮುಂದಿನ ಹದಿನೆಂಟರಲ್ಲಿ ಮತ್ತೆ 3,000 ರೂಪಾಯಿ ರೀಚಾರ್ಜ್ ಆಗಿರಬೇಕಿತ್ತು. ಪ್ರತಿ ತಿಂಗಳ ಒಂದನೇ ತಾರೀಕು ಸಂಬಳ ಬರುವ ಮನೆಗೆ ಇದು ಕಷ್ಟವಲ್ಲ. ಭದ್ರಾವತಿಯಲ್ಲಿ ಎಂಪಿಎಂ ಕಾಗದ ಕಾರ್ಖಾನೆ ನಿಂತು ವರ್ಷಗಳಾದವು. ವಿಐಎಸ್‌ಎಲ್‌ನ ಗುತ್ತಿಗೆ ಕಾರ್ಮಿಕರಿಗೆ ತಿಂಗಳಿಡೀ ಕೆಲಸ ಸಿಗುವ ಖಾತ್ರಿ ಇಲ್ಲ. ಶಿವಮೊಗ್ಗದಲ್ಲಿ ನಮ್ಮ ಸಹಪಾಠಿಗಳ ಅಬ್ಬಾಗಳು ಗ್ಯಾರೇಜ್, ಟೈಲರಿಂಗ್, ಗುಜರಿ, ಹಣ್ಣಿನ ಗಾಡಿ ನಂಬಿದವರು. ಮಳೆಗಾಲದಲ್ಲಿ ಎರಡು ತಿಂಗಳು ವ್ಯಾಪಾರ ಬಿದ್ದರೆ ಮೊದಲು ನಿಲ್ಲುವುದೇ ರೀಚಾರ್ಜ್. ಕೊಡುಗೆಯ ಜಾಹೀರಾತು ಇಂಥ ಮನೆಗಳಿಗೆ, ಅದರ ಷರತ್ತು ಸಂಬಳದ ಮನೆಗಳಿಗೆ! ಹಣ ವಾಪಸ್ ಸಿಗದೆ ಉಳಿಯುವುದು ಯಾರಿಗೆ ಎಂದು ಬಿಡಿಸಿ ಹೇಳಬೇಕಿಲ್ಲ.

ಹಣಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಜಿಯೋಫೋನ್‌ನಲ್ಲಿದ್ದದ್ದು ಕೈಓಎಸ್ ಎಂಬ ತಂತ್ರಾಂಶ. ಆಂಡ್ರಾಯ್ಡ್ ಆ್ಯಪ್‌ಗಳನ್ನು ಅದರಲ್ಲಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಬೇರೆ ಕಂಪನಿಯ ಸಿಮ್ ನಡೆಯುತ್ತಿರಲಿಲ್ಲ. 2020ರಲ್ಲಿ ಶಾಲೆ ಮುಚ್ಚಿ ಪಾಠ ಫೋನ್‌ಗೆ ಬಂದಾಗ ಅಂಥ ಫೋನ್ ಮಾತ್ರ ಇದ್ದ ಮನೆಯ ಮಕ್ಕಳು ಚಂದನ ವಾಹಿನಿಯ ಪಾಠವನ್ನೋ ಪಕ್ಕದ ಮನೆಯ ಫೋನನ್ನೋ ನೆಚ್ಚಬೇಕಾಯಿತು. ಮೂರು ವರ್ಷ ಮೊದಲು ಕಂಪನಿಯೊಂದು ಮಾಡಿದ ವ್ಯಾಪಾರದ ಆಯ್ಕೆ, ಆರನೇ ಏಳನೇ ತರಗತಿಯ ಮಕ್ಕಳು ಯಾವ ಪಾಠ ನೋಡಬಹುದು ಎಂಬುದನ್ನೂ ತೀರ್ಮಾನಿಸಿತು. ಆ ಮಕ್ಕಳು ಈಗ ನಮ್ಮ ಬೆಂಚಿನಲ್ಲೇ ಕೂತಿದ್ದಾರೆ.

ಕಂತಿನ ಫೋನ್ ಬಂದದ್ದು ಆಮೇಲೆ. ನಮ್ಮ ಮನೆಗಳಲ್ಲಿ ಕಂತು ಎಂದ ಕೂಡಲೇ ಹಿರಿಯರು ಕೇಳುವ ಮೊದಲ ಪ್ರಶ್ನೆ, “ಸೂದ್ ಇದೆಯಾ?” ಅಂಗಡಿಯವರು “ಇಲ್ಲ” ಎನ್ನುತ್ತಾರೆ. ಆ ಪ್ರಶ್ನೆಯನ್ನು ಲೆಕ್ಕದಲ್ಲೇ ಕೇಳೋಣ. 2021ರ ನವೆಂಬರ್‌ನಲ್ಲಿ ಬಂದ ಜಿಯೋಫೋನ್ ನೆಕ್ಸ್ಟ್‌ನ ಬೆಲೆ 6,499 ರೂಪಾಯಿ. ಕಂತಿನಲ್ಲಾದರೆ ಮೊದಲು 1,999, ಜೊತೆಗೆ 501 ಶುಲ್ಕ. ದಿನಕ್ಕೆ ಒಂದೂವರೆ ಜಿಬಿ ಸೇರಿದ ಕಂತು ತಿಂಗಳಿಗೆ 450ರಂತೆ 24 ತಿಂಗಳು. ಒಟ್ಟು 13,300. ಫೋನನ್ನು ಪೂರ್ತಿ ಹಣ ಕೊಟ್ಟು ಕೊಂಡು, ಅದೇ ಕಂಪನಿಯ ಒಂದೂವರೆ ಜಿಬಿ ಪ್ಲಾನನ್ನು ಅದೇ ಡಿಸೆಂಬರ್‌ನ 239 ರೂಪಾಯಿ ದರದಲ್ಲಿ 26 ಸಲ ಹಾಕಿಸಿದ್ದರೆ 12,713. ವ್ಯತ್ಯಾಸ 587 ರೂಪಾಯಿ. ಅದಕ್ಕೆ ಸೂದ್ ಎನ್ನುತ್ತೀರೋ ಶುಲ್ಕ ಎನ್ನುತ್ತೀರೋ ಹಿರಿಯರನ್ನು ಕೇಳಿ. ಮೊತ್ತವೇನೋ ಚಿಕ್ಕದು. ಆದರೆ ಎರಡು ವರ್ಷ ಬೇರೆ ಕಂಪನಿಯ ಅಗ್ಗದ ಪ್ಲಾನಿಗೆ ಹೋಗುವಂತಿಲ್ಲ, ಕೈಯಲ್ಲಿ ಹಣವಿಲ್ಲದ ತಿಂಗಳು ಚಿಕ್ಕ ರೀಚಾರ್ಜ್ ಹಾಕಿಸಿ ಸುಮ್ಮನಿರುವಂತಿಲ್ಲ. ಕಂತು ತಪ್ಪಿದರೆ ಫೋನನ್ನೇ ಲಾಕ್ ಮಾಡುವ ತಂತ್ರಾಂಶವೂ ಈಗ ಸಾಲದ ಫೋನ್‌ಗಳಲ್ಲಿ ಬರುತ್ತದೆ. ವಿದ್ಯಾರ್ಥಿವೇತನದ ಓಟಿಪಿ ಬರಬೇಕಾದ ವಾರವೇ ಫೋನ್ ಲಾಕ್ ಆದರೆ ಏನು ಗತಿ?

ಈಗ 5ಜಿ ಸರದಿ. ಇಲ್ಲಿಯೂ ತಾಂತ್ರಿಕ ಕಾರಣ ಮತ್ತು ಮಾರಾಟದ ಮಾತು ಬೆರೆತುಹೋಗಿವೆ. 2022ರ ಹರಾಜಿನಲ್ಲಿ 700 ಮೆಗಾಹರ್ಟ್ಸ್ ತರಂಗಾಂತರ ಕೊಂಡದ್ದು ಜಿಯೋ ಮಾತ್ರ. ಗೋಡೆ ದಾಟಿ ಒಳಗೆ ಬರುವುದರಲ್ಲಿ ಅದು ಚೆನ್ನ. ಆದರೆ ಫೋನ್‌ನಲ್ಲಿ ಎನ್28 ಎಂಬ ಬ್ಯಾಂಡ್ ಇದ್ದರೆ ಮಾತ್ರ ಅದು ಸಿಗುತ್ತದೆ. ಆ ಅಕ್ಟೋಬರ್‌ನಲ್ಲಿ 5ಜಿ ಶುರುವಾದಾಗ ಸಾವಿರಾರು ರೂಪಾಯಿಯ ಐಫೋನ್ ಇದ್ದವರೂ ತಂತ್ರಾಂಶದ ಅಪ್‌ಡೇಟ್‌ಗಾಗಿ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಹಾಗಾಗಿ “ಈ ಫೋನ್ ನಮ್ಮ ನೆಟ್‌ವರ್ಕ್‌ಗೆ ಸರಿಹೊಂದುತ್ತದೆ” ಎಂದು ಕಂಪನಿ ಹೇಳಿದರೆ ಅದರಲ್ಲಿ ಅರ್ಥವಿದೆ. ಆದರೆ ‘ಅನಿಯಮಿತ 5ಜಿ’ ಎಂಬ ಮಾತು ನಂಬಿ ಫೋನ್ ಬದಲಿಸಿದವರಿಗೆ ಏನಾಯಿತು? 2024ರ ಜುಲೈನಲ್ಲಿ ಜಿಯೋ, ಏರ್‌ಟೆಲ್ ಎರಡೂ ದರ ಏರಿಸಿದವು, ಅನಿಯಮಿತ 5ಜಿಯನ್ನು ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಹೆಚ್ಚಿನ ಪ್ಲಾನ್‌ಗಳಿಗೆ ಸೀಮಿತಗೊಳಿಸಿದವು. ಜಿಯೋದಲ್ಲಿ 28 ದಿನದ ಅಂಥ ಪ್ಲಾನ್ 349 ರೂಪಾಯಿ ಆಯಿತು. ಕೊಂಡ ಫೋನ್ ಹಾಗೇ ಇತ್ತು, ಅದನ್ನು ಕೊಳ್ಳಲು ಕಾರಣವಾದ ಮಾತು ಬದಲಾಗಿತ್ತು.

ಸಿಮ್ ಕಂಪನಿಗಳು ನಮಗೆ ಉಪಕಾರವನ್ನೇ ಮಾಡಿಲ್ಲ ಎಂದು ನಾನು ಹೇಳುತ್ತಿಲ್ಲ. ನಮ್ಮ ಮೊಹಲ್ಲಾಗಳಲ್ಲಿ ಎಷ್ಟೋ ಅಮ್ಮಿಯರಿಗೆ, ನಾನಿಯರಿಗೆ ತಮ್ಮದೇ ಎನ್ನುವ ಮೊದಲ ಇಂಟರ್ನೆಟ್ ಫೋನ್ ಸಿಕ್ಕಿದ್ದು ಇಂಥ ಕೊಡುಗೆಗಳಿಂದಲೇ. ಕಂಪನಿ ಲಾಭ ನೋಡುವುದೂ ತಪ್ಪಲ್ಲ, ವಾಣಿಜ್ಯ ಓದುವವರು ಹಾಗೆ ಹೇಳಲಾಗದು. ತಪ್ಪು ಇರುವುದು ಒಟ್ಟು ಮೊತ್ತವನ್ನು ಪೋಸ್ಟರ್‌ನಲ್ಲಿ ಹಾಕದಿರುವುದರಲ್ಲಿ. ಗ್ರಾಹಕ ರಕ್ಷಣೆಯ ಪಾಠದಲ್ಲಿ ಮಾಹಿತಿ ಪಡೆಯುವ ಹಕ್ಕು, ಆಯ್ಕೆಯ ಹಕ್ಕು ಎಂದು ಬಾಯಿಪಾಠ ಮಾಡುತ್ತೇವೆ. ಅದನ್ನು ಅಂಗಡಿಯ ಕೌಂಟರ್ ಮುಂದೆ ಬಳಸದಿದ್ದರೆ ಐದು ಅಂಕದ ಉತ್ತರವಾಗಿಯೇ ಉಳಿಯುತ್ತದೆ.

ಆದ್ದರಿಂದ ಫೋನ್ ಕೊಳ್ಳುವಾಗ ನಾಲ್ಕು ಪ್ರಶ್ನೆ ಕೇಳಿ. ಬೇರೆ ಕಂಪನಿಯ ಸಿಮ್ ಹಾಕಿದರೆ ಇದು ನಡೆಯುತ್ತದೆಯೇ? ಕೊನೆಯ ಕಂತಿನವರೆಗೆ ಒಟ್ಟು ಎಷ್ಟು ಹಣ? ಒಂದು ತಿಂಗಳು ಕಟ್ಟಲಾಗದಿದ್ದರೆ ಏನಾಗುತ್ತದೆ? ಕ್ಯಾಶ್‌ಬ್ಯಾಕ್ ಹಣವಾಗಿ ಬರುತ್ತದೆಯೋ, ಮುಂದಿನ ರೀಚಾರ್ಜ್‌ನ ಕೂಪನ್ ಆಗಿಯೋ? ಉತ್ತರವನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಪಕ್ಕದ ಅಂಗಡಿಗೆ ಹೋಗಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಕೊನೆಗೆ ನಮ್ಮ ವಾಣಿಜ್ಯ ವಿಭಾಗದ ಉಪನ್ಯಾಸಕರಲ್ಲಿ ಒಂದು ವಿನಂತಿ. ಮುಂದಿನ ದಾಖಲಾತಿಯ ವಾರದಲ್ಲಿ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆಯಷ್ಟು ಜಾಗ ಕೊಡಿ. ಶಿವಮೊಗ್ಗ, ಭದ್ರಾವತಿಯ ಅಂಗಡಿಗಳಲ್ಲಿ ಆಗ ನಡೆಯುತ್ತಿರುವ ಕೊಡುಗೆಗಳ ಒಟ್ಟು ಮೊತ್ತವನ್ನು ದ್ವಿತೀಯ ಪಿಯುನವರು ಲೆಕ್ಕ ಹಾಕಿ ಅಲ್ಲಿ ಅಂಟಿಸುತ್ತೇವೆ. ಹೊಸದಾಗಿ ಸೇರಲು ಬಂದ ತಮ್ಮ ತಂಗಿಯರು, ಅವರ ಜೊತೆ ಬಂದ ಅಮ್ಮಿ ಅಬ್ಬಾ ಅದನ್ನು ನೋಡಿಕೊಂಡು ಅಂಗಡಿಗೆ ಹೋಗಲಿ.