ವಿದ್ಯಾರ್ಥಿಗಳೂ ಆತ್ಮಪರಿಚಯವೂ

ಪ್ರತಿವರ್ಷವೂ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾದ ಮರುದಿನದಿಂದ ನಮ್ಮ ಕಾರ್ಯಾಲಯಕ್ಕೆ ಎರಡು ಬಗೆಯ ಮಹನೀಯರು ದಯಮಾಡಿಸುವುದುಂಟು. ಒಬ್ಬರು ಅಧಿಕ ಅಂಕಗಳನ್ನು ಗಳಿಸಿದ ಮಕ್ಕಳ ಭಾವಚಿತ್ರವನ್ನು ತರುವ ತಂದೆಯರು. ಮತ್ತೊಬ್ಬರು ಜಾಹೀರಾತನ್ನು ತರುವ ಪದವಿಪೂರ್ವ ಕಾಲೇಜುಗಳ ಆಡಳಿತದವರು. ಈ ಸಾರಿ ಬಂದವರಲ್ಲಿ ಸರಕಾರಿ ನೌಕರರೊಬ್ಬರು ಮಗನನ್ನೂ ಜೊತೆಯಲ್ಲಿ ಕರೆದುಕೊಂಡು ಬಂದಿದ್ದರು. ಮಾತಿನ ನಡುವೆ ನಾವು ಹುಡುಗನ ಕಡೆಗೆ ತಿರುಗಿ, "ಮುಂದೆ ಏನು ಓದಬೇಕೆಂದು ನಿನ್ನ ಮನಸ್ಸಿನಲ್ಲಿದೆಯಪ್ಪಾ?" ಎಂದು ಕೇಳಿದೆವು. ಹುಡುಗನು ತಂದೆಯ ಮುಖವನ್ನು ನೋಡಿದನು. ತಂದೆಯವರು, "ಅವನಿಗೇನು ತಿಳಿಯುತ್ತೆ ಸ್ವಾಮಿ, ಇನ್ನೂ ಹುಡುಗ, ಸೈನ್ಸಿಗೇ ಹಾಕಿಬಿಡೋಣ ಅಂತಿದ್ದೇವೆ" ಎಂದರು.

ಆ ಮಹನೀಯರು ಕಠಿನಹೃದಯರಲ್ಲ. ಮಗನ ಮೇಲೆ ಅವರಿಗಿರುವ ವಾತ್ಸಲ್ಯ ಅವರ ಮಾತಿನಲ್ಲಿಯೇ ತೋರುತ್ತಿದ್ದಿತು. ಆದರೆ ಆ ಹುಡುಗನು ಹತ್ತು ವರ್ಷಗಳ ಕಾಲ ಪಾಠಶಾಲೆಯಲ್ಲಿ ಕುಳಿತು, ಭೂಗೋಳ, ಗಣಿತ, ಚರಿತ್ರೆ ಮೊದಲಾದ ನಾನಾ ವಿಷಯಗಳಲ್ಲಿ ಉತ್ತೀರ್ಣನಾಗಿ, ತನ್ನ ವಿಷಯವಾಗಿ ಕೇಳಿದ ಒಂದೇ ಒಂದು ಪ್ರಶ್ನೆಗೆ ಉತ್ತರ ತಿಳಿಯದೆ ನಿಂತನೆಂಬುದು ನಮ್ಮ ಮನಸ್ಸನ್ನು ಬಹಳವಾಗಿ ಬಾಧಿಸಿತು. ಇದು ಒಬ್ಬ ಹುಡುಗನ ನ್ಯೂನತೆಯಲ್ಲ. ನಮ್ಮ ವಿದ್ಯಾಪದ್ಧತಿಯ ನ್ಯೂನತೆ. ಇದನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮಗನಿಗೆ ಹದಿನಾರು ತುಂಬಿದ ಮೇಲೆ ಅವನನ್ನು ಮಿತ್ರನಂತೆ ಕಾಣಬೇಕೆಂದು ನಮ್ಮ ಹಿರಿಯರು ಹೇಳಿದ್ದಾರೆ. ಮಿತ್ರನಂತೆ ಕಾಣುವುದೆಂದರೆ ಕೇಳಿದುದನ್ನೆಲ್ಲ ಕೊಡಿಸುವುದಲ್ಲ. ಅವನ ಅಭಿಪ್ರಾಯವನ್ನು ಕೇಳಿ ಅದಕ್ಕೆ ಬೆಲೆ ಕೊಡುವುದು. ಈ ಮಾತು ಹೆಣ್ಣುಮಕ್ಕಳಿಗೂ ಸಮಾನವಾಗಿ ಅನ್ವಯಿಸತಕ್ಕದ್ದು. ಆಶ್ಚರ್ಯವೇನೆಂದರೆ, ನಮ್ಮ ನಾಡಿನಲ್ಲಿ ಸರಿಯಾಗಿ ಈ ಹದಿನಾರನೆಯ ವರ್ಷದಲ್ಲಿಯೇ ಮಕ್ಕಳ ಬಾಯಿ ಮುಚ್ಚಿಹೋಗುತ್ತದೆ. ವಿಜ್ಞಾನವೇ, ವಾಣಿಜ್ಯವೇ, ಕಲೆಯೇ ಎಂಬ ಕವಲುದಾರಿಯಲ್ಲಿ ಅವರನ್ನು ನಿಲ್ಲಿಸಿ, ಕೆಲವೇ ವಾರಗಳಲ್ಲಿ ತೀರ್ಮಾನ ಮಾಡಿಬಿಡುತ್ತೇವೆ. ಆ ತೀರ್ಮಾನಕ್ಕೆ ಆಧಾರವೇನು? ಅಂಕಪಟ್ಟಿ, ಸೋದರಮಾವನ ಸಲಹೆ, ಪಕ್ಕದ ಮನೆಯವರ ಮಗಳು ಸೇರಿದ ಕಾಲೇಜು. ಬಳಿಕ ಎರಡು ವರ್ಷ ಬೆಳಗಿನಿಂದ ರಾತ್ರಿಯವರೆಗೆ ಪಾಠ, ತರಬೇತಿ, ವಾರಕ್ಕೊಂದು ಪರೀಕ್ಷೆ. ಸಿ.ಇ.ಟಿ., ನೀಟ್, ಜೆ.ಇ.ಇ. ಎಂಬ ಹೆಸರುಗಳ ಹೊರತು ಬೇರೆ ಮಾತು ಆ ಮಕ್ಕಳ ಕಿವಿಗೆ ಬೀಳುವುದೇ ಅಪರೂಪ. ತಾನು ಎಂತಹವನು, ತನ್ನ ಶಕ್ತಿ ಯಾವುದು, ದೌರ್ಬಲ್ಯ ಯಾವುದು ಎಂದು ಯೋಚಿಸಲು ಬೇಕಾದ ವಯಸ್ಸಿನಲ್ಲಿ ಯೋಚಿಸಲು ಬೇಕಾದ ಬಿಡುವನ್ನೇ ನಾವು ಕಿತ್ತುಕೊಂಡಿದ್ದೇವೆ.

ಈ ಸಂದರ್ಭದಲ್ಲಿ ಮಹಾತ್ಮರ ಬಾಲ್ಯದ ಕೆಲವು ಸಂಗತಿಗಳು ಜ್ಞಾಪಕಕ್ಕೆ ಬರುತ್ತವೆ. ಅವರು ತಮ್ಮ ಆತ್ಮಕಥೆಯಲ್ಲಿ ಇವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. 1887ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ ಅವರು ಭಾವನಗರದ ಕಾಲೇಜಿಗೆ ಸೇರಿದರು. ಪಾಠ ತಲೆಗೆ ಹತ್ತದೆ ಮೊದಲನೆಯ ಅವಧಿ ಮುಗಿಯುತ್ತಲೇ ಮನೆಗೆ ಹಿಂದಿರುಗಿದರು. ಕುಟುಂಬದ ಹಿತೈಷಿಗಳೊಬ್ಬರು ವಿಲಾಯಿತಿಗೆ ಹೋಗಿ ಬ್ಯಾರಿಸ್ಟರಾಗುವ ಸಲಹೆಯನ್ನು ಕೊಟ್ಟಾಗ, ವೈದ್ಯವಿದ್ಯೆಗೆ ತನ್ನನ್ನು ಕಳುಹಿಸಬಾರದೇ ಎಂದು ಆ ತರುಣನು ಕೇಳಿದನು. ಅಣ್ಣನು ನಡುವೆಯೇ ತಡೆದು, ತಂದೆಗೆ ಅದು ಇಷ್ಟವಿರಲಿಲ್ಲವೆಂದನು. ವೈದ್ಯ ಪದವಿಯಿಂದ ದಿವಾನಗಿರಿ ದೊರೆಯದೆಂದು ಹಿತೈಷಿಗಳು ಹೇಳಿದರು. ಅಲ್ಲಿಗೆ ಆ ಮಾತು ಮುಗಿಯಿತು. ಆದರೆ ಆ ಒಲವು ಮುಗಿಯಿತೇ? ದಕ್ಷಿಣ ಆಫ್ರಿಕದಲ್ಲಿ ವಕೀಲಿಯ ನಡುವೆ ಬಿಡುವು ಮಾಡಿಕೊಂಡು ಚಿಕ್ಕದೊಂದು ಧರ್ಮಾಸ್ಪತ್ರೆಯಲ್ಲಿ ಸೇವೆ ಮಾಡಿದವರು, 1899ರ ಬೋಯರ್ ಯುದ್ಧದಲ್ಲಿ ಗಾಯಾಳುಗಳನ್ನು ಹೊರುವ ದಳವನ್ನು ಕಟ್ಟಿದವರು, ಜೀವಮಾನವಿಡೀ ರೋಗಿಗಳ ಶುಶ್ರೂಷೆಯಲ್ಲಿ ಆನಂದಪಟ್ಟವರು ಅವರೇ. ಬ್ಯಾರಿಸ್ಟರಾದುದರಿಂದ ದೇಶಕ್ಕೆ ಹಾನಿಯಾಯಿತೆಂದು ನಾವು ಹೇಳುತ್ತಿಲ್ಲ. ತರುಣನು ಅಳುಕುತ್ತ ಆಡುವ ಒಂದು ಮಾತಿನಲ್ಲಿ ಅವನ ಸ್ವಭಾವದ ನಿಜವಾದ ಸುಳಿವು ಇರಬಹುದು, ಹಿರಿಯರು ಅದನ್ನು ನಡುವೆಯೇ ತಡೆಯಬಾರದು ಎಂಬುದಿಷ್ಟೇ ನಮ್ಮ ಅಭಿಪ್ರಾಯ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದುದು. ಹದಿನೈದನೆಯ ವಯಸ್ಸಿನಲ್ಲಿ ಆ ಹುಡುಗನು ಅಣ್ಣನ ತೋಳಬಳೆಯಿಂದ ಒಂದು ಚೂರು ಚಿನ್ನವನ್ನು ಕದ್ದು, ಅಣ್ಣನ ಸಾಲವನ್ನು ತೀರಿಸಲು ಅದನ್ನು ಉಪಯೋಗಿಸಿದನು. ಆಮೇಲೆ ಅದನ್ನು ಸಹಿಸಲಾರದೆ, ತಪ್ಪನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಹಾಸಿಗೆ ಹಿಡಿದಿದ್ದ ತಂದೆಯ ಕೈಗೆ ಕೊಟ್ಟನು. ತಂದೆಯು ಓದಿ ಕಣ್ಣೀರಿಟ್ಟು, ಚೀಟಿಯನ್ನು ಹರಿದುಹಾಕಿ ಸುಮ್ಮನಾದನು. ಮಗನು ತನ್ನನ್ನು ತಾನು ಕಂಡುಕೊಂಡುದು ಶಾಲೆಯ ಪಾಠದಿಂದಲ್ಲ, ಆ ಒಂದು ಚೀಟಿಯಿಂದ. ಆದರೆ ಅಂತಹ ಚೀಟಿಯನ್ನು ಬರೆಯುವ ಧೈರ್ಯ ಬರಬೇಕಾದರೆ ಅದನ್ನು ಓದಿ ಅಬ್ಬರಿಸದ ತಂದೆಯೂ ಬೇಕೆಂಬುದನ್ನು ನಮ್ಮ ವಾಚಕರು ಮರೆಯಬಾರದು.

ಆತ್ಮಪರಿಚಯವೆಂದೊಡನೆ ಇದು ವೇದಾಂತಿಗಳ ವಿಷಯ, ಸಂಸಾರಿಗಳಿಗೇಕೆ ಎಂದು ಕೆಲವರು ನಗಬಹುದು. ನಾವು ಹೇಳುವುದು ಬ್ರಹ್ಮಜ್ಞಾನವನ್ನಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು 1990ರ ದಶಕದಲ್ಲಿ ತರುಣರಿಗೆ ಅವಶ್ಯವಾದ ಹತ್ತು ಜೀವನ ಕೌಶಲಗಳನ್ನು ಗುರುತಿಸಿದಾಗ ತನ್ನನ್ನು ತಾನು ಅರಿಯುವುದನ್ನೂ ಅವುಗಳಲ್ಲಿ ಒಂದಾಗಿ ಎಣಿಸಿದರು. ಯೋಚಿಸಿ ತೀರ್ಮಾನಿಸುವುದು, ಉದ್ವೇಗವನ್ನು ತಾಳಿಕೊಳ್ಳುವುದು, ಪರರ ಕಷ್ಟವನ್ನು ತನ್ನದೆಂದು ತಿಳಿಯುವುದು ಇವೂ ಆ ಹತ್ತರಲ್ಲಿ ಸೇರಿವೆ. ವೈದ್ಯಶಾಸ್ತ್ರಜ್ಞರು ಹೇಳುವ ಮತ್ತೊಂದು ವಿಷಯವೂ ಗಮನಾರ್ಹವಾದುದು: ಮುಂದಾಲೋಚನೆಗೂ ಸಂಯಮಕ್ಕೂ ಆಧಾರವಾದ ಮಿದುಳಿನ ಮುಂಭಾಗವು ಇಪ್ಪತ್ತು ವಯಸ್ಸು ದಾಟಿದ ಮೇಲೂ ಕೆಲವು ವರ್ಷ ಬೆಳೆಯುತ್ತಲೇ ಇರುತ್ತದೆ. ಆದುದರಿಂದ ಹದಿನೇಳರ ತರುಣನು ಒಂದು ದಿನ ಉತ್ಸಾಹದಿಂದಲೂ ಮರುದಿನ ನಿರಾಶೆಯಿಂದಲೂ ಇದ್ದರೆ ಅದು ಕೆಟ್ಟತನವಲ್ಲ, ಬೆಳವಣಿಗೆ. ಬೆಳೆಯುತ್ತಿರುವ ಗಿಡದ ಬೇರನ್ನು ದಿನವೂ ಕಿತ್ತು ನೋಡುವ ತೋಟಗಾರನಿಲ್ಲ.

ನಮ್ಮ ಮಾತಿಗೆ ಒಂದು ಬಲವಾದ ಆಕ್ಷೇಪಣೆಯುಂಟು. "ಹೊಟ್ಟೆಪಾಡಿನ ಪ್ರಶ್ನೆ ಇರುವಾಗ ಒಲವು, ಸ್ವಭಾವ ಎಂದು ಕುಳಿತರೆ ಸಾಗೀತೇ? ಸಾಲ ಮಾಡಿ ಓದಿಸುವ ತಂದೆಗೆ ಮಗನ ಇಷ್ಟವನ್ನು ನೋಡುತ್ತ ಕೂರುವ ಅನುಕೂಲವೆಲ್ಲಿದೆ?" ಎಂದು ಕೇಳುವವರು ಬಹಳ ಮಂದಿ. ಈ ಪ್ರಶ್ನೆ ನ್ಯಾಯವಾದುದು. ಬಡತನದ ಅನುಭವವಿಲ್ಲದವರು ಮಾತ್ರ ಇದನ್ನು ಹಗುರವಾಗಿ ಕಂಡಾರು. ಆದರೆ ಸಾಲ ಮಾಡಿ ಓದಿಸುವ ತಂದೆಗೇ ಅಲ್ಲವೇ ಮಗನ ಯೋಗ್ಯತೆ ಯಾವ ಕಡೆಗಿದೆಯೆಂದು ತಿಳಿಯುವ ಅಗತ್ಯ ಹೆಚ್ಚಾಗಿರುವುದು? ಗದ್ದೆಯ ಮಣ್ಣನ್ನು ಪರೀಕ್ಷಿಸದೆ ಬೀಜಕ್ಕೆ ಸಾಲ ಮಾಡುವ ರೈತನನ್ನು ನಾವು ಬುದ್ಧಿವಂತನೆನ್ನುವುದಿಲ್ಲ. ಒಲ್ಲದ ವಿಷಯಕ್ಕೆ ಸೇರಿ, ಎರಡು ವರ್ಷ ಕಳೆದು, ಆಮೇಲೆ ದಾರಿ ಬದಲಾಯಿಸುವ ಮಗನಿಂದ ಆಗುವ ವೆಚ್ಚವೇ ಅಧಿಕ. ಹಾಗೆಂದು "ನನಗಿಷ್ಟವಿಲ್ಲ" ಎಂಬ ಒಂದು ಮಾತನ್ನು ಹಿಡಿದು ಕಷ್ಟವಾದುದನ್ನೆಲ್ಲ ಬಿಟ್ಟುಕೊಡುವ ತರುಣನ ಪಕ್ಷವನ್ನೂ ನಾವು ವಹಿಸುವವರಲ್ಲ. ಒಲವೂ ಸೋಮಾರಿತನವೂ ಬೇರೆ ಬೇರೆ. ಇವೆರಡನ್ನೂ ಪ್ರತ್ಯೇಕಿಸಿ ತಿಳಿಯುವುದೇ ಆತ್ಮಪರಿಚಯದ ಮೊದಲನೆಯ ಪಾಠ.

ತರುಣರೇ, ಈ ಪಾಠವನ್ನು ನೀವೇ ಆರಂಭಿಸಬಹುದು, ಇದಕ್ಕೆ ಶುಲ್ಕವಿಲ್ಲ. ಒಂದು ಪುಸ್ತಕವನ್ನಿಟ್ಟುಕೊಂಡು ರಾತ್ರಿ ಮಲಗುವ ಮುನ್ನ ಐದಾರು ಸಾಲು ಬರೆಯಿರಿ. ಈ ದಿನ ಯಾರೂ ಹೇಳದೆ ನಾನಾಗಿ ಮಾಡಿದ ಕೆಲಸ ಯಾವುದು? ಯಾವ ಕೆಲಸದಲ್ಲಿ ಹೊತ್ತು ಹೋದುದು ತಿಳಿಯಲಿಲ್ಲ? ಗೆಳೆಯರಿಗೆ ಅಂಜಿ ಮಾಡಿದುದು ಯಾವುದು? ಯಾರ ಮೇಲೆ ಕೋಪ ಬಂದಿತು, ಏಕೆ? ಮೂರು ತಿಂಗಳ ಮೇಲೆ ಅದನ್ನು ಓದಿದರೆ ನಿಮ್ಮ ಮುಖವನ್ನು ನೀವೇ ಕನ್ನಡಿಯಲ್ಲಿ ಕಂಡಂತಾಗುವುದು. ಕೈಯಿಂದ ಮಾಡುವ ಒಂದು ಕೆಲಸವನ್ನು ಕಲಿಯಿರಿ: ಅಡಿಗೆಯಾಗಲಿ, ಮರಗೆಲಸವಾಗಲಿ, ತೋಟದ ಕೆಲಸವಾಗಲಿ. ತನ್ನ ತಾಳ್ಮೆ ಎಷ್ಟೆಂಬುದು ಕೈಕೆಲಸದಲ್ಲಿ ಗೊತ್ತಾಗುವಷ್ಟು ಪುಸ್ತಕದಲ್ಲಿ ಗೊತ್ತಾಗದು. ನಿಮ್ಮನ್ನು ಹೊಗಳುವ ಗೆಳೆಯನಿಗಿಂತ ತಿದ್ದುವ ಉಪಾಧ್ಯಾಯರೊಬ್ಬರನ್ನು ಹುಡುಕಿಕೊಳ್ಳಿರಿ. ಮೊಬೈಲಿನ ಪರದೆಯ ಮೇಲೆ ಇತರರು ತೋರಿಸುವ ಸುಖವನ್ನು ಅಳತೆಗೋಲಾಗಿಟ್ಟುಕೊಂಡು ನಿಮ್ಮನ್ನು ನೀವು ಅಳೆಯಬೇಡಿರಿ. ಹಬ್ಬದ ದಿನದ ಬಟ್ಟೆಯನ್ನು ನೋಡಿ ಯಾರ ಮನೆಯ ಸ್ಥಿತಿಯನ್ನೂ ತಿಳಿಯಲಾಗದು. ಪರೀಕ್ಷೆಯಲ್ಲಿ ಸೋತರೆ, "ನಾನು ಸೋತೆನು" ಎನ್ನಿರಿ. "ನಾನು ನಿಷ್ಪ್ರಯೋಜಕನು" ಎನ್ನಬೇಡಿರಿ. ಮೊದಲನೆಯದು ಒಂದು ದಿನದ ವರದಿ, ಎರಡನೆಯದು ಸುಳ್ಳು. ನಮ್ಮ ರಾಜ್ಯದಲ್ಲಿ 2024ರಿಂದ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ಪರೀಕ್ಷೆಗಳನ್ನು ವರ್ಷದಲ್ಲಿ ಮೂರು ಸಾರಿ ನಡೆಸುವ ಏರ್ಪಾಡು ಆಯಿತು. ಒಂದು ಸೋಲಿನಿಂದ ಒಂದು ವರ್ಷವೇ ಹೋಗಬೇಕಾಗಿಲ್ಲವೆಂದು ಸರಕಾರದವರೇ ಒಪ್ಪಿಕೊಂಡಂತಾಯಿತು, ಇದು ಪ್ರಶಂಸನೀಯವಾದುದು.

ಈ ಮಾತನ್ನು ನಾವು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದವರ ವರದಿಯಂತೆ 2022ನೆಯ ಒಂದೇ ವರ್ಷದಲ್ಲಿ ಭರತಖಂಡದಲ್ಲಿ ತಾವಾಗಿ ಪ್ರಾಣ ಕಳೆದುಕೊಂಡ ವಿದ್ಯಾರ್ಥಿಗಳ ಸಂಖ್ಯೆ 13,044. ಎಂದರೆ ದಿನವೊಂದಕ್ಕೆ 35ಕ್ಕಿಂತ ಹೆಚ್ಚು. ಇವೆಲ್ಲವೂ ಪರೀಕ್ಷೆಯ ಕಾರಣದಿಂದಲೇ ಸಂಭವಿಸಿದುವೆಂದು ಹೇಳುವುದು ತಪ್ಪಾದೀತು. ಮನೆಯ ಕಲಹ, ರೋಗ, ಸ್ನೇಹಭಂಗ ಮೊದಲಾದ ನಾನಾ ಕಾರಣಗಳು ಸೇರಿರುತ್ತವೆ. ಆದರೆ ಮನಸ್ಸಿನ ಭಾರವನ್ನು ಹೇಳಿಕೊಳ್ಳುವ ಸ್ಥಳವೊಂದು ಪ್ರತಿಯೊಬ್ಬರಿಗೂ ಇದ್ದಿದ್ದರೆ ಇವರಲ್ಲಿ ಎಷ್ಟೋ ಮಂದಿ ಈ ದಿನ ನಮ್ಮೊಡನೆ ಇರುತ್ತಿದ್ದರೆಂಬುದರಲ್ಲಿ ನಮಗೆ ಸಂದೇಹವಿಲ್ಲ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸಹಾಯವಾಣಿಯ ಸಂಖ್ಯೆ 14416. ಅಲ್ಲಿ ಹಣವಿಲ್ಲದೆ ಹಗಲಿರುಳೂ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಅದರ ಕೇಂದ್ರಸ್ಥಾನದಲ್ಲಿರುವುದು ನಮಗೆ ಹೆಮ್ಮೆಯ ವಿಷಯ. ಈ ಐದು ಅಂಕೆಗಳನ್ನು ಪ್ರತಿ ಕಾಲೇಜಿನ ಗೋಡೆಯ ಮೇಲೂ ಬರೆಯಿಸತಕ್ಕದ್ದು.

ಇನ್ನು ಸರಕಾರದವರ ವಿಷಯ. ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಬೇಕೆಂಬುದು ಹೊಸ ಮಾತಲ್ಲ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯ ಮಾಧ್ಯಮಿಕ ವಿದ್ಯಾಭ್ಯಾಸದ ಆಯೋಗವು 1953ರಲ್ಲಿಯೇ ಶಾಲೆಗಳಲ್ಲಿ ಮಾರ್ಗದರ್ಶಕರಿರಬೇಕೆಂದು ಸಲಹೆ ಮಾಡಿತು. ಎಪ್ಪತ್ತು ವರ್ಷಗಳು ಕಳೆದುವು. 2024ರ ಜನವರಿಯಲ್ಲಿ ಕೇಂದ್ರ ಸರಕಾರದವರು, ಹದಿನಾರು ವರ್ಷಕ್ಕಿಂತ ಕಡಮೆ ವಯಸ್ಸಿನವರನ್ನು ತರಬೇತಿ ಕೇಂದ್ರಗಳಿಗೆ ಸೇರಿಸಿಕೊಳ್ಳಬಾರದೆಂದು ಸೂಚನೆ ಹೊರಡಿಸಿದರು. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ತರಬೇತಿ ಹೊಂದಿದ ಆಪ್ತಸಮಾಲೋಚಕರೊಬ್ಬರಾದರೂ ಇರಬೇಕೆಂದೂ, ಅಂಕಗಳನ್ನು ನೋಡಿ ತರಗತಿಗಳನ್ನು ವಿಂಗಡಿಸಬಾರದೆಂದೂ ನಿರ್ದೇಶಿಸಿತು. ಆಜ್ಞೆಗಳಿಗೆ ನಮ್ಮಲ್ಲಿ ಎಂದೂ ಬರಗಾಲವಿಲ್ಲ. ಬರಗಾಲವಿರುವುದು ಅವುಗಳ ಆಚರಣೆಗೆ. ಜಿಲ್ಲೆಜಿಲ್ಲೆಯಲ್ಲಿಯೂ ಯಾವ ಯಾವ ಕಾಲೇಜಿನಲ್ಲಿ ಆಪ್ತಸಮಾಲೋಚಕರಿದ್ದಾರೆ, ಯಾವುದರಲ್ಲಿಲ್ಲ ಎಂಬ ಪಟ್ಟಿಯನ್ನು ವಿದ್ಯಾ ಇಲಾಖೆಯವರು ಫಲಿತಾಂಶದ ದಿನವೇ ಪ್ರಕಟಿಸಲಿ. ತೇರ್ಗಡೆಯ ಶೇಕಡಾವಾರು ಅಂಕೆಗಳನ್ನು ಕಾಣುವ ತಂದೆತಾಯಂದಿರು ಇದನ್ನೂ ಕಾಣಲಿ.

ಕಡೆಗೆ ನಮ್ಮ ಮಾತು. ಪರರನ್ನು ಖಂಡಿಸಿ ತಮ್ಮನ್ನು ಬಿಟ್ಟುಕೊಳ್ಳುವ ಪತ್ರಿಕೆಗಳಿಗೆ ಆತ್ಮಪರಿಚಯದ ವಿಷಯವನ್ನು ಬರೆಯುವ ಅಧಿಕಾರವಿಲ್ಲ. ಅಂಕಗಳ ಜೊತೆಯಲ್ಲಿ ಮಕ್ಕಳ ಮುಖವನ್ನು ಮೊದಲನೆಯ ಪುಟದಲ್ಲಿ ಅಚ್ಚುಮಾಡುತ್ತ ಬಂದವರಲ್ಲಿ ನಾವೂ ಒಬ್ಬರು. ಆ ಪುಟದಲ್ಲಿ ಮುಖವಿಲ್ಲದ ಸಾವಿರಾರು ಮಕ್ಕಳ ಮನೆಗೂ ನಮ್ಮ ಪತ್ರಿಕೆ ಹೋಗುತ್ತದೆಂಬುದು ನಮಗೆ ತಿಳಿಯದಿರಲಿಲ್ಲ. ಜಾಹೀರಾತುಗಳ ಹಣದಿಂದ ಕಾಗದದ ಸಾಲವನ್ನು ತೀರಿಸಿ ಸುಮ್ಮನಿದ್ದೆವು. ಈ ವರ್ಷದಿಂದ ಅಂಕಗಳೊಡನೆ ವಿದ್ಯಾರ್ಥಿಗಳ ಭಾವಚಿತ್ರವನ್ನು ಸುದ್ದಿಯಾಗಿಯೂ, ಜಾಹೀರಾತಾಗಿಯೂ ಪ್ರಕಟಿಸಬಾರದೆಂದು ನಿಶ್ಚಯಿಸಿದ್ದೇವೆ. ಇದರಿಂದ ನಮಗೆ ನಷ್ಟವುಂಟೆಂದು ಲೆಕ್ಕದ ಪುಸ್ತಕವೇ ಹೇಳುತ್ತದೆ. ಮಕ್ಕಳ ಚಿತ್ರವನ್ನು ತಂದು ಬರಿಗೈಯಲ್ಲಿ ಹಿಂದಿರುಗಿದ ತಂದೆಯರು ನಮ್ಮನ್ನು ಕ್ಷಮಿಸಬೇಕು. ಅವರ ಮಕ್ಕಳ ಶ್ರಮವನ್ನು ನಾವು ಅಲ್ಪವೆಂದು ಎಣಿಸಿಲ್ಲ.

ಅಂದು ನಮ್ಮ ಕಾರ್ಯಾಲಯಕ್ಕೆ ಬಂದಿದ್ದ ಆ ಮಹನೀಯರಿಗೆ ನಾವು ಮಾಡಿದ ಬಿನ್ನಹವನ್ನೇ ವಾಚಕರೆಲ್ಲರಿಗೂ ಮಾಡುತ್ತೇವೆ. ಅರ್ಜಿಯನ್ನು ತುಂಬುವ ಮುನ್ನ ಒಂದು ಸಂಜೆ ಮಗನನ್ನೋ ಮಗಳನ್ನೋ ಜೊತೆಯಲ್ಲಿ ಕರೆದುಕೊಂಡು ಊರ ಹೊರಗೆ ಅಡ್ಡಾಡಿಕೊಂಡು ಬನ್ನಿರಿ. ಏನು ಓದಬೇಕೆಂದಿದೆ, ಏಕೆ ಎಂದು ಕೇಳಿರಿ. ಉತ್ತರ ಒಡನೆ ಬರದಿದ್ದರೆ ನೀವೇ ಅದನ್ನು ಹೇಳಿಬಿಡಬೇಡಿರಿ, ಕಾದಿರಿ. ಆ ಮಹನೀಯರು ಏನನ್ನೂ ಹೇಳದೆ ಎದ್ದು ಹೋದರು. ಬಾಗಿಲಲ್ಲಿ ಹುಡುಗನು ಒಮ್ಮೆ ಹಿಂದಿರುಗಿ ನಮ್ಮನ್ನು ನೋಡಿದನು. ಅವನಿಗೆ ಆ ಸಂಜೆ ದೊರೆತಿರಲೆಂದು ಹಾರೈಸುತ್ತೇವೆ. ಈ ವಿಷಯವಾಗಿ ಉಪಾಧ್ಯಾಯರೂ ತಂದೆತಾಯಂದಿರೂ, ಎಲ್ಲರಿಗಿಂತ ಮೊದಲು ವಿದ್ಯಾರ್ಥಿಗಳೂ ಬರೆದು ಕಳುಹಿಸುವ ಪತ್ರಗಳಿಗೆ ನಮ್ಮ ಅಂಕಣಗಳಲ್ಲಿ ಸ್ಥಳ ಕಾದಿದೆ.